ಬಾಡಿ ಮಸಾಜ್ ಕಲಿಯಬೇಕು, ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ಮೇಡಂ, ನಮ್ಮದು ಹಾಸನ ಜಿಲ್ಲೆಯ ಆಲೂರು ಕಡೆ. ನನಗೆ 23 ವರ್ಷ. ಪಿಯುಸಿ ಮುಗಿಸಿ, ಮೂರು ತಿಂಗಳ ಬ್ಯೂಟಿಷಿಯನ್ ಕೋರ್ಸ್ ಮಾಡಿ, ಈಗ ಹಾಸನದ ಒಂದು ಪಾರ್ಲರ್‌ನಲ್ಲಿ ಕೆಲಸ ಮಾಡುತ್ತಿದ್ದೇನೆ. ಐಬ್ರೋ, ವ್ಯಾಕ್ಸಿಂಗ್, ಫೇಶಿಯಲ್ ಎಲ್ಲ ಬರುತ್ತದೆ. ಸಕಲೇಶಪುರದ ಕಡೆ ಒಂದು ರೆಸಾರ್ಟ್‌ನಲ್ಲಿ ಕೆಲಸ ಕೇಳಿದಾಗ "ಬಾಡಿ ಮಸಾಜ್ ಬರುತ್ತಾ?" ಅಂದರು. ಯೂಟ್ಯೂಬ್ ನೋಡಿಕೊಂಡು ಅಕ್ಕನ ಬೆನ್ನಿನ ಮೇಲೆ ಪ್ರಾಕ್ಟೀಸ್ ಮಾಡುತ್ತಿದ್ದೇನೆ. ಹತ್ತು ನಿಮಿಷಕ್ಕೇ ಹೆಬ್ಬೆರಳು ನೋಯುತ್ತದೆ. ಇದನ್ನು ಸರಿಯಾಗಿ ಕಲಿಯುವುದು ಹೇಗೆ, ಎಷ್ಟು ದಿನ ಬೇಕು? ಅಮ್ಮನಿಗೆ ಮಸಾಜ್ ಅನ್ನುವ ಮಾತು ಕೇಳಿದರೇ ಭಯ. ಅವರಿಗೆ ಏನು ಹೇಳಲಿ?

ಉತ್ತರ: ನಿಮ್ಮ ಹೆಬ್ಬೆರಳಿನಿಂದಲೇ ಶುರು ಮಾಡೋಣ.

ಹತ್ತು ನಿಮಿಷಕ್ಕೇ ನೋವು ಬರುತ್ತಿದೆ ಅಂದರೆ ನೀವು ಬೆರಳಿನ ಬಲದಲ್ಲೇ ಒತ್ತುತ್ತಿದ್ದೀರಿ. ಅಕ್ಕ ಬಹುಶಃ ಮಂಚದ ಮೇಲೆ ಮಲಗಿರುತ್ತಾರೆ. ನೀವು ಪಕ್ಕದಲ್ಲಿ ಕೂತೋ ಬಗ್ಗಿಯೋ ಒತ್ತುತ್ತಿರುತ್ತೀರಿ. ಹಾಗೆ ಮಾಡಿದರೆ ಮೈಭಾರ ಕೈಗೆ ಇಳಿಯುವುದೇ ಇಲ್ಲ. ಪೂರ್ತಿ ಕೆಲಸ ಹೆಬ್ಬೆರಳಿನ ಬುಡದ ಕೀಲಿನ ಮೇಲೆ ಬೀಳುತ್ತದೆ. ರೆಸಾರ್ಟ್‌ನಲ್ಲಿ ರಜೆ ದಿನಗಳಲ್ಲಿ ಒಂದರ ಹಿಂದೆ ಒಂದು ಬುಕಿಂಗ್ ಇರುತ್ತದೆ. ಹೀಗೇ ಮಾಡಿದರೆ ನಿಮ್ಮ ಕೈ ಒಂದು ಸೀಸನ್ ಕೂಡ ತಡೆಯುವುದಿಲ್ಲ. ಒಳ್ಳೆಯ ಕೈಗುಣ ಇದ್ದ ಎಷ್ಟೋ ಹುಡುಗಿಯರು ಮಣಿಕಟ್ಟು, ಹೆಬ್ಬೆರಳು ನೋವು ಅಂತ ಈ ಕೆಲಸ ಬಿಟ್ಟಿದ್ದಾರೆ. ಅದಕ್ಕೇ ನಾನು ಯಾರಿಗೆ ಕಲಿಸಿದರೂ ಎಣ್ಣೆ ಬಾಟಲಿ ಕೈಗೆ ಕೊಡುವ ಮೊದಲು ನಿಲ್ಲುವುದನ್ನು ಕಲಿಸುತ್ತೇನೆ.

ಮಸಾಜ್ ಟೇಬಲ್ ಪಕ್ಕ ನೇರವಾಗಿ ನಿಂತು, ಕೈ ಇಳಿಬಿಟ್ಟು ಮುಷ್ಟಿ ಕಟ್ಟಿ. ಮುಷ್ಟಿಯ ಗೆಣ್ಣು ಟೇಬಲ್‌ಗೆ ತಾಗಿದರೆ ಹೆಚ್ಚುಕಮ್ಮಿ ಅದೇ ನಿಮಗೆ ಸರಿಯಾದ ಎತ್ತರ. ಒಂದು ಪಾದ ಮುಂದೆ, ಒಂದು ಹಿಂದೆ ಇಡಿ. ಮಂಡಿ ಸ್ವಲ್ಪ ಸಡಿಲ, ಬೆನ್ನು ನೇರ. ಮೊಣಕೈ ಪೂರ್ತಿ ಬಿಗಿಯುವುದೂ ಬೇಡ, ತುಂಬ ಮಡಚುವುದೂ ಬೇಡ. ಈಗ ಹಿಂದಿನ ಕಾಲಿನಿಂದ ಮುಂದಿನ ಕಾಲಿಗೆ ಭಾರ ಬಿಡಿ. ಅಂಗೈ ತಾನಾಗಿಯೇ ಮುಂದಕ್ಕೆ ಜಾರುತ್ತದೆ. ಜಾಸ್ತಿ ಒತ್ತಡ ಬೇಕಿದ್ದರೆ ಜಾಸ್ತಿ ವಾಲಿ, ಅಷ್ಟೇ. ಮನೆಯಲ್ಲಿ ಟೇಬಲ್ ಇಲ್ಲದಿದ್ದರೆ ನೆಲದ ಮೇಲೆ ದಪ್ಪ ಹಾಸಿಗೆ ಹಾಕಿ, ಅಕ್ಕನ ಪಕ್ಕ ಮಂಡಿಯೂರಿ ಮಾಡಿ. ಮಂಚಕ್ಕಿಂತ ಅದೇ ವಾಸಿ. ಹೆಬ್ಬೆರಳನ್ನು ಸದ್ಯಕ್ಕೆ ಮರೆತುಬಿಡಿ. ಅಂಗೈ, ಅಂಗೈ ಬುಡ, ಮುಂಗೈ, ಇಷ್ಟರಲ್ಲೇ ಕಲಿಯಿರಿ. ನೋವು ಕಡಿಮೆಯಾಗದಿದ್ದರೆ ಡಾಕ್ಟರಿಗೆ ತೋರಿಸಿ, ತಳ್ಳಿಕೊಂಡು ಹೋಗಬೇಡಿ.

ಯೂಟ್ಯೂಬ್ ನೋಡಬೇಡಿ ಅನ್ನುವುದಿಲ್ಲ. ಕೈ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅನ್ನುವುದು ಅಲ್ಲಿ ಚೆನ್ನಾಗಿ ಕಾಣುತ್ತದೆ. ಎಷ್ಟು ಒತ್ತಿದ್ದಾರೆ ಅನ್ನುವುದು ಕಾಣುವುದಿಲ್ಲ. ಅದು ಗೊತ್ತಾಗಬೇಕಾದರೆ ಚೆನ್ನಾಗಿ ಮಾಡುವವರ ಕೈಯಲ್ಲಿ ನೀವೇ ಮಸಾಜ್ ಮಾಡಿಸಿಕೊಳ್ಳಬೇಕು. ಆಮೇಲೆ ನಿಮ್ಮ ಟೀಚರ್ ಟೇಬಲ್ ಮೇಲೆ ಮಲಗಿ, ನಿಮ್ಮ ಕೈ ಹೇಗಿದೆ ಅಂತ ತಮ್ಮ ಬೆನ್ನಿನಿಂದ ನೋಡಿ ಹೇಳಬೇಕು. ಈ ಎರಡೂ ಇಲ್ಲದ ಕೋರ್ಸ್‌ಗೆ ದುಡ್ಡು ಕಟ್ಟಬೇಡಿ.

ಇನ್ನು ಯಾವ ಮಸಾಜ್ ಕಲಿಯಬೇಕು ಅನ್ನುವುದು. ಸ್ಪಾ ಬೋರ್ಡ್‌ಗಳಲ್ಲಿ ಬಾಲಿನೀಸ್, ಥಾಯ್, ಡೀಪ್ ಟಿಶ್ಯೂ, ಅರೋಮಾ, ಹಾಟ್ ಸ್ಟೋನ್ ಅಂತ ಉದ್ದ ಪಟ್ಟಿ ಇರುತ್ತದೆ. ಹದಿನೈದು ದಿನದಲ್ಲಿ ಇವೆಲ್ಲವನ್ನೂ ಕಲಿಸುತ್ತೇವೆ ಅನ್ನುವವರ ಕಡೆ ಹೋಗಬೇಡಿ. ಮೊದಲ ವರ್ಷ ಸ್ವೀಡಿಷ್ ಮಸಾಜ್ ಒಂದನ್ನೇ ಹಿಡಿದು ಕಲಿಯಿರಿ. ಯಾರಿಗೆ ಮಸಾಜ್ ಮಾಡಬಾರದು ಅನ್ನುವುದನ್ನು ಅದರ ಜೊತೆಗೇ ಕಲಿಯಿರಿ. ಇವೆರಡು ಗಟ್ಟಿಯಾದರೆ ಉಳಿದದ್ದನ್ನು ಯಾವ ಒಳ್ಳೆಯ ಸ್ಪಾದವರಾದರೂ ತಾವೇ ಹೇಳಿಕೊಡುತ್ತಾರೆ. ಇವು ಗಟ್ಟಿಯಾಗದೆ ಹತ್ತು ಸರ್ಟಿಫಿಕೇಟ್ ಇಟ್ಟುಕೊಂಡರೂ ಟ್ರಯಲ್‌ನಲ್ಲಿ ಐದು ನಿಮಿಷಕ್ಕೇ ಗೊತ್ತಾಗಿಬಿಡುತ್ತದೆ.

ಸ್ವೀಡಿಷ್ ಮಸಾಜ್ ಅಂದಾಗ ಪೆರ್ ಹೆನ್ರಿಕ್ ಲಿಂಗ್ ಅವರ ಹೆಸರು ಬರುತ್ತದೆ. 1813ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಅಂಗಸಾಧನೆಯ ಸಂಸ್ಥೆ ಕಟ್ಟಿದವರು ಅವರು. ಆದರೆ ಈಗ ನಾವು ಬಳಸುವ ಫ್ರೆಂಚ್ ಹೆಸರುಗಳಲ್ಲಿ ಕೈಚಲನೆಗಳನ್ನು ಜೋಡಿಸಿದ ಶ್ರೇಯ ನೆದರ್ಲೆಂಡ್ಸ್‌ನ ವೈದ್ಯ ಯೋಹಾನ್ ಮೆಜ್ಗರ್ ಅವರಿಗೆ ಸಲ್ಲುತ್ತದೆ. ಎಫ್ಲುರಾಜ್ ಅಂದರೆ ನೀವುವುದು. ಪೆಟ್ರಿಸಾಜ್ ಅಂದರೆ ನಾದುವುದು. ಫ್ರಿಕ್ಷನ್, ಒಂದೇ ಜಾಗದಲ್ಲಿ ಆಳವಾಗಿ ಉಜ್ಜುವುದು. ಟಪೋಟ್‌ಮೆಂಟ್, ತಟ್ಟುವುದು. ಐದನೆಯದು ವೈಬ್ರೇಷನ್, ಅದುರಿಸುವುದು. ಪರೀಕ್ಷೆಯಲ್ಲಿ ಈ ಹೆಸರುಗಳನ್ನು ಕೇಳುತ್ತಾರೆ, ಬಾಯಿಪಾಠ ಇರಲಿ. ಕೆಲಸದಲ್ಲಿ ಮೊದಲ ಎರಡು ಬಂದರೆ ಮುಕ್ಕಾಲು ಪಾಲು ಬಂದ ಹಾಗೆ.

ನೀವುವುದನ್ನು ಬೆನ್ನಿನ ಮೇಲೆ ಕಲಿಯಿರಿ. ಎಣ್ಣೆಯನ್ನು ನೇರ ಬೆನ್ನಿಗೆ ಸುರಿಯಬೇಡಿ. ನಿಮ್ಮ ಅಂಗೈಗೆ ಹಾಕಿಕೊಂಡು ಉಜ್ಜಿ ಬೆಚ್ಚಗೆ ಮಾಡಿ. ಸೊಂಟದ ಪಕ್ಕ ನಿಂತು ಎರಡೂ ಅಂಗೈಗಳನ್ನು ಬೆನ್ನುಮೂಳೆಯ ಆಚೀಚೆ ಇಡಿ. ಮೂಳೆಯ ಮೇಲೆ ಯಾವತ್ತೂ ಭಾರ ಹಾಕಬಾರದು, ಅದರ ಪಕ್ಕದಲ್ಲಿ ಉದ್ದಕ್ಕೆ ಹೋಗುವ ಸ್ನಾಯುಗಳ ಮೇಲೆ ಮಾತ್ರ. ಕೈ ಇಟ್ಟ ತಕ್ಷಣ ಹೊರಡಬೇಡಿ. ಒಂದು ಉಸಿರಿನಷ್ಟು ಹೊತ್ತು ಕೈ ಸುಮ್ನೆ ಇರಲಿ. ಅವರು ಉಸಿರು ಬಿಡುವಾಗ ನೀವು ಮೇಲಕ್ಕೆ ವಾಲಿ. ಅಂಗೈ ಕತ್ತಿನ ಬುಡದವರೆಗೆ ಹೋಗಿ, ಎರಡೂ ಹೆಗಲನ್ನು ಸುತ್ತಿ, ಪಕ್ಕೆಗಳ ಮೇಲೆ ಹಗುರಾಗಿ ಕೆಳಗೆ ಬರಲಿ. ಹೋಗುವಾಗ ಭಾರ, ಬರುವಾಗ ಬರೀ ಸ್ಪರ್ಶ. ಸುತ್ತು ಮುಗಿದರೂ ಕೈ ಮೈಯಿಂದ ಏಳಬಾರದು. ಒಂದೊಂದು ಸುತ್ತಿಗೂ ಸ್ವಲ್ಪ ಸ್ವಲ್ಪ ಭಾರ ಜಾಸ್ತಿ ಮಾಡುತ್ತಾ ಐದಾರು ಸಲ ಹೀಗೆ ಮಾಡಿ.

ಅಷ್ಟರಲ್ಲಿ ಬೆನ್ನು ಎಲ್ಲಿ ಗಟ್ಟಿಯಾಗಿದೆ ಅಂತ ಅಂಗೈಗೆ ಗೊತ್ತಾಗುತ್ತದೆ. ದಿನವಿಡೀ ಲ್ಯಾಪ್‌ಟಾಪ್ ಮುಂದೆ ಕೂರುವವರಿಗೆ ಹೆಗಲಿನ ಮೇಲ್ಭಾಗ ಮತ್ತು ಹೆಗಲೆಲುಬು, ಬೆನ್ನುಮೂಳೆಗಳ ನಡುವಿನ ಜಾಗ ಬಿಗಿದಿರುತ್ತದೆ. ನಿಮ್ಮ ಕಡೆ ಬರುವ ಬೆಂಗಳೂರಿನ ಗ್ರಾಹಕರಲ್ಲಿ ಇವರೇ ಜಾಸ್ತಿ. ಅಲ್ಲಿ ಕೈ ನಿಧಾನ ಮಾಡಿ. ಬಿಗಿದ ಜಾಗವನ್ನು ಒಂದೇ ಸಲ ಬಿಡಿಸಿಬಿಡುತ್ತೇನೆ ಅಂತ ಗುದ್ದಾಡಬೇಡಿ. ಸ್ನಾಯು ಹೆದರಿ ಇನ್ನೂ ಬಿಗಿಯುತ್ತದೆ, ಮಾರನೆಯ ದಿನ ಅವರಿಗೆ ಮೈ ನೋವು. "ಒತ್ತಡ ಸಾಕಾ, ಜಾಸ್ತಿ ಆಯ್ತಾ?" ಅಂತ ಮೊದಲ ಐದು ನಿಮಿಷದಲ್ಲೇ ಕೇಳಿ. ಎಷ್ಟೋ ಜನ ಸಂಕೋಚಕ್ಕೆ "ಪರವಾಗಿಲ್ಲ" ಅನ್ನುತ್ತಾರೆ. ಬಾಯಿಗಿಂತ ಅವರ ಕಾಲ್ಬೆರಳು ನೋಡಿ. ಬೆರಳು ಮುದುಡಿಕೊಂಡರೆ, ಉಸಿರು ಹಿಡಿದರೆ ಒತ್ತಡ ಜಾಸ್ತಿಯಾಗಿದೆ ಅಂತಲೇ ಅರ್ಥ.

ಕೈಕಾಲುಗಳಲ್ಲಿ ಭಾರದ ಚಲನೆ ಯಾವಾಗಲೂ ಹೃದಯದ ಕಡೆಗೆ. ಪಾದದಿಂದ ತೊಡೆಗೆ, ಮಣಿಕಟ್ಟಿನಿಂದ ಹೆಗಲಿಗೆ. ರಕ್ತವನ್ನು ಹೃದಯಕ್ಕೆ ವಾಪಸ್ ಒಯ್ಯುವ ನಾಳಗಳಲ್ಲಿ ಒಂದೇ ಕಡೆ ತೆರೆಯುವ ಕವಾಟಗಳಿವೆ. ಅವುಗಳಿಗೆ ಎದುರಾಗಿ ಒತ್ತಬಾರದು ಅನ್ನುವುದು ಇದರ ಕಾರಣ.

ನಾದುವುದು ನಿಮ್ಮ ಕೈಗೆ ಬೇಗ ಬರುತ್ತದೆ. ಚಪಾತಿ ಹಿಟ್ಟನ್ನು ಅಂಗೈ ಬುಡದಿಂದ ತಳ್ಳಿ, ಬೆರಳುಗಳಿಂದ ಮತ್ತೆ ಎಳೆದುಕೊಳ್ಳುತ್ತೀರಲ್ಲ, ಚಲನೆ ಅದೇ. ಮೀನಖಂಡ, ತೊಡೆ, ಹೆಗಲು ಇದಕ್ಕೆ ಒಳ್ಳೆಯ ಜಾಗ. ಕೈತುಂಬ ಮಾಂಸಖಂಡ ಹಿಡಿಯಬೇಕು. ತುದಿಬೆರಳಲ್ಲಿ ಹಿಡಿದರೆ ಚರ್ಮ ಚಿವುಟಿದ ಹಾಗಾಗುತ್ತದೆ, ಹೊಸಬರೆಲ್ಲ ಅಲ್ಲೇ ಎಡವುತ್ತಾರೆ. ಎಣ್ಣೆ ಜಾಸ್ತಿಯಾದರೂ ಹಿಡಿತ ಸಿಗುವುದಿಲ್ಲ.

ಫ್ರಿಕ್ಷನ್‌ನಲ್ಲಿ ಬೆರಳು ಚರ್ಮದ ಮೇಲೆ ಜಾರಬಾರದು, ಚರ್ಮದ ಜೊತೆಗೇ ಚಲಿಸಬೇಕು. ತಟ್ಟುವಾಗ ಮಣಿಕಟ್ಟು ಸಡಿಲ ಇರಲಿ. ಸೊಂಟದ ಮೇಲೆ ಕಿಡ್ನಿ ಇರುವ ಜಾಗ, ಬೆನ್ನುಮೂಳೆ, ಇಲ್ಲೆಲ್ಲ ತಟ್ಟಲೇಬಾರದು. ನಿದ್ದೆ ಬರುವ ಹಾಗೆ ಮಾಡಿ ಅಂತ ಬಂದವರಿಗೆ ತಟ್ಟುವುದನ್ನು ನಾನು ಬಿಟ್ಟೇಬಿಡುತ್ತೇನೆ.

ಒತ್ತಡ ಹಾಕಬಾರದ ಇನ್ನೂ ಕೆಲವು ಜಾಗಗಳಿವೆ. ಮಂಡಿಯ ಹಿಂದಿನ ಗುಳಿ, ಕಂಕುಳು, ತೊಡೆಸಂದು, ಮೊಣಕೈಯ ಒಳಮಡಿಕೆ, ಕತ್ತಿನ ಮುಂಭಾಗ. ಅಲ್ಲಿ ನರ, ರಕ್ತನಾಳಗಳು ಚರ್ಮಕ್ಕೆ ತೀರಾ ಹತ್ತಿರ ಇರುತ್ತವೆ. ಹೊಟ್ಟೆ ಮುಟ್ಟುವ ಮೊದಲು ಕೇಳಿ, ಬೇಡ ಅನ್ನುವವರೇ ಜಾಸ್ತಿ. ಮಾಡುವುದಾದರೆ ಗಡಿಯಾರದ ಮುಳ್ಳು ಹೋಗುವ ದಿಕ್ಕಿನಲ್ಲಿ, ಹಗುರಾಗಿ. ದೊಡ್ಡ ಕರುಳು ಸಾಗುವುದೂ ಅದೇ ದಿಕ್ಕಿಗೆ.

ಈಗ ನಾನು ಎಲ್ಲಕ್ಕಿಂತ ಮುಖ್ಯ ಅಂದುಕೊಂಡಿರುವ ವಿಷಯ. ಗ್ರಾಹಕರನ್ನು ಮುಟ್ಟುವ ಮೊದಲು ಐದು ನಿಮಿಷ ಕೂರಿಸಿ ಮಾತಾಡಿ, ಕಾರ್ಡ್‌ನಲ್ಲಿ ಬರೆದುಕೊಳ್ಳಿ. ಜ್ವರ ಇದೆಯಾ? ಬಿಪಿ ಹಿಡಿತದಲ್ಲಿದೆಯಾ? ಇತ್ತೀಚೆಗೆ ಆಪರೇಷನ್, ಮೂಳೆ ಮುರಿತ ಆಗಿದೆಯಾ? ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತಾರಾ? ಗರ್ಭಿಣಿಯಾ? ಚರ್ಮದಲ್ಲಿ ತುರಿ, ಹುಳುಕಡ್ಡಿ, ಗಾಯ ಇದೆಯಾ? ಜ್ವರ, ಅಂಟುವ ಚರ್ಮರೋಗ ಇದ್ದರೆ ಆ ದಿನ ಮಸಾಜ್ ಇಲ್ಲ. ಹೃದಯದ ತೊಂದರೆ, ಕ್ಯಾನ್ಸರ್, ಗರ್ಭ ಇದ್ದರೆ ಡಾಕ್ಟರ ಒಪ್ಪಿಗೆ ಬೇಕು. ಗರ್ಭಿಣಿಯರ ಮಸಾಜ್‌ಗೆ ಬೇರೆಯದೇ ತರಬೇತಿ ಇದೆ, ಅದು ಆಗುವವರೆಗೆ ನೀವು ಕೈ ಹಾಕಬೇಡಿ. ಬಹಳ ವರ್ಷದಿಂದ ಶುಗರ್ ಇರುವವರಿಗೆ ಪಾದದಲ್ಲಿ ಸ್ಪರ್ಶ ಕಡಿಮೆಯಾಗಿರಬಹುದು. "ಇನ್ನೂ ಜೋರಾಗಿ ಒತ್ತಿ" ಅಂತ ಅವರೇ ಹೇಳಿದರೂ ಒತ್ತಬಾರದು.

ಒಂದು ಸಂದರ್ಭ ಮಾತ್ರ ಮನಸ್ಸಿನಲ್ಲಿ ಅಚ್ಚೊತ್ತಿಕೊಳ್ಳಿ. ನಾಲ್ಕೈದು ಗಂಟೆ ಕಾರಿನಲ್ಲಿ ಕೂತು ಬಂದವರು "ಒಂದು ಮೀನಖಂಡ ತುಂಬಾ ಹಿಡಿದಿದೆ, ಅಲ್ಲೇ ಜಾಸ್ತಿ ಒತ್ತಿ" ಅನ್ನಬಹುದು. ಎರಡೂ ಕಾಲು ನೋಡಿ. ಒಂದೇ ಕಾಲು ಊದಿದ್ದರೆ, ಮುಟ್ಟಿದರೆ ಬಿಸಿಯಾಗಿದ್ದರೆ, ಕೆಂಪಾಗಿದ್ದರೆ ಕೈ ಹಾಕಲೇಬೇಡಿ. ಒಳನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಒತ್ತಿದರೆ ಆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋಗಿ ಪ್ರಾಣಕ್ಕೇ ಕುತ್ತು ಬರಬಹುದು. ಗ್ರಾಹಕರು ಬೇಜಾರಾದರೂ ಸರಿ, ಮ್ಯಾನೇಜರ್ ಮುಖ ಗಂಟಿಕ್ಕಿದರೂ ಸರಿ, ಆಸ್ಪತ್ರೆಗೆ ಹೋಗಿ ಅಂತ ಹೇಳಿ. ಉಬ್ಬಿದ ನರ ಇರುವ ಕಾಲುಗಳಲ್ಲೂ ಆ ನರದ ಮೇಲೆ ಒತ್ತಬಾರದು. ಹೊಟ್ಟೆ ತುಂಬ ಊಟ ಮಾಡಿ ಬಂದವರನ್ನು ಒಂದು ಗಂಟೆ ಕಾಯಿಸಿ. ಕುಡಿದು ಬಂದವರಿಗೆ ಮಸಾಜ್ ಇಲ್ಲ.

ಬೆನ್ನು ನೋವು ವಾಸಿ ಮಾಡುತ್ತೇನೆ, ಕೊಬ್ಬು ಕರಗಿಸುತ್ತೇನೆ, ಮೈಯಲ್ಲಿರುವ ವಿಷ ತೆಗೆಯುತ್ತೇನೆ ಅಂತ ಯಾರಿಗೂ ಮಾತು ಕೊಡಬೇಡಿ. ಮಸಾಜ್‌ನಿಂದ ಮೈ ಸಡಿಲವಾಗುತ್ತದೆ, ಮನಸ್ಸು ಹಗುರಾಗುತ್ತದೆ, ಒಳ್ಳೆ ನಿದ್ದೆ ಬರುತ್ತದೆ. ದುಡ್ಡು ಕೊಟ್ಟು ಬರುವವರಿಗೆ ಅಷ್ಟು ಸಾಕು. ಡಿಸ್ಕ್ ಜಾರಿದೆ, ಕಾಲಿಗೆ ಜೋಮು ಹಿಡಿಯುತ್ತದೆ ಅಂದರೆ ಅದು ಫಿಸಿಯೋಥೆರಪಿಸ್ಟ್ ಮತ್ತು ಡಾಕ್ಟರ್ ನೋಡಬೇಕಾದ್ದು. ಅಭ್ಯಂಗದ ವಿಷಯವೂ ಹಾಗೆಯೇ. ಹಾಸನದಲ್ಲಿ ಧರ್ಮಸ್ಥಳ ಮಂಜುನಾಥೇಶ್ವರ ಆಯುರ್ವೇದ ಕಾಲೇಜು, ಆಸ್ಪತ್ರೆ ಇರುವುದರಿಂದ ಪಂಚಕರ್ಮದ ಹೆಸರು ಎಲ್ಲರಿಗೂ ಗೊತ್ತು. ಅಲ್ಲಿ ವೈದ್ಯರು ನೋಡಿ, ಯಾವ ಎಣ್ಣೆ, ಎಷ್ಟು ದಿನ ಅಂತ ಹೇಳಿ ಮಾಡಿಸುವ ಚಿಕಿತ್ಸೆ ಅದು. ನೀವು ಕಲಿಯುತ್ತಿರುವುದು ಆರಾಮಕ್ಕೆ ಮಾಡುವ ಮಸಾಜ್. ಎರಡನ್ನೂ ಬೆರೆಸಿ ಬೋರ್ಡ್ ಹಾಕುವವರ ಜೊತೆ ಸೇರಬೇಡಿ.

ಎಣ್ಣೆ ಯಾವುದು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಪ್ರಾಕ್ಟೀಸ್‌ಗೆ ಕೊಬ್ಬರಿ ಎಣ್ಣೆ ಸಾಕು, ತೆಂಗಿನ ಅರಸೀಕೆರೆ ನಿಮ್ಮ ಜಿಲ್ಲೆಯಲ್ಲೇ ಇರುವಾಗ ಅದಕ್ಕೇನು ಬರ. ಚಳಿಗಾಲದ ಬೆಳಿಗ್ಗೆ ಅದು ಗಟ್ಟಿಯಾಗುತ್ತದೆ, ಸುಮಾರು 24 ಡಿಗ್ರಿಗಿಂತ ಕೆಳಗೆ ಹೋದರೆ ಹೆಪ್ಪುಗಟ್ಟುವುದು ಅದರ ಗುಣ. ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿ ಇಡಿ, ನೇರ ಒಲೆಯ ಮೇಲೆ ಬೇಡ. ಎಳ್ಳೆಣ್ಣೆ ಬೆಚ್ಚಗಿರುತ್ತದೆ, ವಾಸನೆ ಕೆಲವರಿಗೆ ಆಗುವುದಿಲ್ಲ. ಬಾದಾಮಿ ಎಣ್ಣೆ ಹಾಕುವ ಮೊದಲು ಬಾದಾಮಿ, ಗೋಡಂಬಿ ಅಲರ್ಜಿ ಇದೆಯಾ ಅಂತ ಕೇಳಲೇಬೇಕು. ಹೊಸ ಎಣ್ಣೆಯನ್ನು ಮೊಣಕೈಯ ಒಳಭಾಗಕ್ಕೆ ಒಂದು ಹನಿ ಹಚ್ಚಿ 24 ಗಂಟೆ ನೋಡಿ.

ಟವಲ್‌ಗಳ ಬಗ್ಗೆ ಮಲೆನಾಡಿನಲ್ಲಿ ಕೆಲಸ ಮಾಡುವವರು ವಿಶೇಷವಾಗಿ ತಿಳಿದಿರಬೇಕು. ಮಳೆಗಾಲದಲ್ಲಿ ಬಿಸಿಲು ಸಿಗುವುದಿಲ್ಲ ಅಂತ ರೆಸಾರ್ಟ್‌ಗಳಲ್ಲಿ ಡ್ರೈಯರ್‌ಗೆ ಹಾಕುತ್ತಾರೆ. ಎಣ್ಣೆ ಪೂರ್ತಿ ಹೋಗದ ಟವಲ್‌ಗಳನ್ನು ಡ್ರೈಯರ್‌ನಿಂದ ಬಿಸಿಬಿಸಿ ತೆಗೆದು ರಾಶಿ ಹಾಕಿದರೆ ಒಳಗೊಳಗೇ ಕಾವು ಏರಿ ತಾನಾಗಿಯೇ ಬೆಂಕಿ ಹತ್ತಬಹುದು. ಬಿಸಿನೀರು, ಸೋಪಿನಲ್ಲಿ ಚೆನ್ನಾಗಿ ಒಗೆದು, ಒಣಗಿದ ಮೇಲೆ ಹರಡಿ ತಣ್ಣಗಾಗಲು ಬಿಟ್ಟು, ಆಮೇಲೆ ಮಡಚಿಡಿ.

ಎಲ್ಲಿ ಕಲಿಯಬೇಕು? ನಿಮ್ಮ ಹಾಗೆ ಪಾರ್ಲರ್ ಕೋರ್ಸ್ ಮಾಡಿದವರು ಸರ್ಟಿಫಿಕೇಟ್‌ನಲ್ಲಿ ಏನು ಬರೆದಿದೆ ಅಂತ ಗಮನ ಕೊಟ್ಟು ನೋಡಬೇಕು. ಕೇಂದ್ರ ಸರ್ಕಾರದ ಕೌಶಲ ತರಬೇತಿಯಲ್ಲಿ, ಬ್ಯೂಟಿ ಅಂಡ್ ವೆಲ್‌ನೆಸ್ ಸೆಕ್ಟರ್ ಸ್ಕಿಲ್ ಕೌನ್ಸಿಲ್ ಅಡಿಯಲ್ಲಿ, ಬ್ಯೂಟಿ ಥೆರಪಿಸ್ಟ್ ಬೇರೆ, ಸ್ಪಾ ಥೆರಪಿಸ್ಟ್ ಬೇರೆ. ಬಾಡಿ ಮಸಾಜ್ ಬೇಕಾದರೆ ಸ್ಪಾ ಥೆರಪಿಸ್ಟ್ ಕೇಳಿ. ಐಟಿಐನಲ್ಲಿ ಕಾಸ್ಮೆಟಾಲಜಿ ಅಂತ ಒಂದು ವರ್ಷದ ಟ್ರೇಡ್ ಇದೆ, ಎಸ್ಸೆಸ್ಸೆಲ್ಸಿ ಆಗಿದ್ದರೆ ಸೇರಬಹುದು. ಆದರೆ ಎಲ್ಲ ಐಟಿಐಗಳಲ್ಲೂ ಇರುವುದಿಲ್ಲ. ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳಲ್ಲಿ, 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಮಾದರಿಯವು, ಊಟ ವಸತಿ ಸಮೇತ ಉಚಿತವಾಗಿ ಬ್ಯೂಟಿ ಪಾರ್ಲರ್ ತರಬೇತಿ ಕೊಡುತ್ತಾರೆ. ಅಲ್ಲಿ ಕಲಿಸುವ ಕೈಕೆಲಸ ನಿಮಗೆ ಈಗಾಗಲೇ ಬರುತ್ತದೆ. ಮುಂದೆ ಸ್ವಂತ ಪಾರ್ಲರ್ ಇಡುವ ಯೋಚನೆ ಇದ್ದರೆ ಬ್ಯಾಂಕ್ ಸಾಲ, ಲೆಕ್ಕ ಬರೆಯುವುದು ಕಲಿಯಲು ಹೋಗಿ ಬನ್ನಿ. ವಿದೇಶ, ಹಡಗು ಅಂತ ಕನಸಿದ್ದರೆ 1946ರಲ್ಲಿ ಶುರುವಾದ ಸಿಡೆಸ್ಕೋ ಅನ್ನುವ ಅಂತರರಾಷ್ಟ್ರೀಯ ಬ್ಯೂಟಿ ಸಂಸ್ಥೆಯ ಡಿಪ್ಲೊಮಾ ದೊಡ್ಡ ಹೆಸರು, ಫೀಸೂ ದೊಡ್ಡದು. ಈಗಲೇ ಅದಕ್ಕೆ ಸಾಲ ಮಾಡಬೇಡಿ.

ಖಾಸಗಿ ಸಂಸ್ಥೆಗೆ ಹೋದರೆ ಫೀಸು ಕೇಳುವ ಮೊದಲು ಇದನ್ನು ಕೇಳಿ: ಬಾಡಿ ಮಸಾಜ್ ಪ್ರಾಕ್ಟಿಕಲ್ ಎಷ್ಟು ಗಂಟೆ, ಒಂದು ಟೇಬಲ್‌ಗೆ ಎಷ್ಟು ಜನ? ಒಂದು ಕ್ಲಾಸ್ ಕೂತು ನೋಡುತ್ತೇನೆ ಅನ್ನಿ. ಬಿಡುವುದಿಲ್ಲ ಅಂದರೆ ವಾಪಸ್ ಬನ್ನಿ.

ಟೀಚರ್ ಇದ್ದು, ದಿನಾ ಒಂದೆರಡು ಗಂಟೆ ಕೈ ಆಡಿಸಿದರೆ ಎರಡು ಮೂರು ತಿಂಗಳಲ್ಲಿ ಒಂದು ಗಂಟೆಯ ಪೂರ್ತಿ ಮಸಾಜ್ ಅಳುಕಿಲ್ಲದೆ ಮಾಡಬಹುದು. ಕೈ ಹದಕ್ಕೆ ಬರಲು ಒಂದು ವರ್ಷ ಬೇಕು. ಬರೀ ಅಕ್ಕನ ಬೆನ್ನು ಸಾಲದು. ಸಣಕಲು ಮೈ, ದಪ್ಪ ಮೈ, ವಯಸ್ಸಾದವರ ಮೈ, ಎಲ್ಲದರ ಮೇಲೂ ಕಲಿಯಬೇಕು.

ಅಮ್ಮನ ಭಯ ಸುಮ್ಮನೆ ಹುಟ್ಟಿದ್ದಲ್ಲ. ಮಸಾಜ್ ಹೆಸರಿನಲ್ಲಿ ಕೆಟ್ಟ ಕೆಲಸ ನಡೆಸುವ ಜಾಗಗಳ ಸುದ್ದಿ ಅವರೂ ಓದಿರುತ್ತಾರೆ. ಅವರ ಜೊತೆ ವಾದ ಮಾಡಬೇಡಿ. ಬಾಣಂತಿಗೆ ಎಣ್ಣೆ ತಿಕ್ಕಿ ನೀರು ಹಾಕುವ ಅಜ್ಜಿಯರನ್ನು ಅವರು ನೋಡಿದ್ದಾರೆ, ಆ ಕೈಗಳಿಗೆ ಎಷ್ಟು ಗೌರವ ಇತ್ತು ಅನ್ನುವುದೂ ಅವರಿಗೆ ಗೊತ್ತು. ಅವರನ್ನು ಅಕ್ಕನ ಪಕ್ಕ ಕೂರಿಸಿಕೊಂಡು ಒಂದು ಸಲ ಮಾಡಿ ತೋರಿಸಿ. ಮೈ ಪೂರ್ತಿ ಟವಲ್ ಮುಚ್ಚಿರಬೇಕು, ಕೆಲಸ ಮಾಡುವ ಭಾಗವಷ್ಟೇ ತೆರೆಯಬೇಕು, ಮುಗಿದ ತಕ್ಷಣ ಮುಚ್ಚಬೇಕು ಅನ್ನುವ ಕ್ರಮ ನೋಡಿದರೆ ಅರ್ಧ ಭಯ ಹೋಗುತ್ತದೆ.

ಉಳಿದರ್ಧಕ್ಕೆ ಕೆಲಸದ ಜಾಗಕ್ಕೇ ಕರೆದುಕೊಂಡು ಹೋಗಿ. ಹೆಂಗಸರಿಗೆ ಹೆಂಗಸರೇ ಮಸಾಜ್ ಮಾಡುವ ನಿಯಮ ಇದೆಯಾ, ರಾತ್ರಿ ಎಷ್ಟು ಗಂಟೆವರೆಗೆ ಕೆಲಸ, ಉಳಿಯುವ ರೂಮು ಯಾರ ಜೊತೆ, ಮನೆಗೆ ಬಿಡಲು ಗಾಡಿ ಇದೆಯಾ, ಎಲ್ಲ ಅಮ್ಮನ ಎದುರಿಗೇ ಕೇಳಿ. ಯಾರಾದರೂ ಅಸಭ್ಯವಾಗಿ ನಡೆದುಕೊಂಡರೆ ಮಸಾಜ್ ಅಲ್ಲೇ ನಿಲ್ಲಿಸಿ ಹೊರಗೆ ಬರುವ ಹಕ್ಕು ನಿಮಗಿದೆಯಾ ಅಂತ ಮ್ಯಾನೇಜರ್ ಬಾಯಲ್ಲೇ ಹೇಳಿಸಿ. ತಡವರಿಸಿದರೆ ಆ ಕೆಲಸ ಬೇಡ. 2013ರ ಕಾನೂನಿನ ಪ್ರಕಾರ ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಇರಲೇಬೇಕು. ಅದಕ್ಕಿಂತ ಚಿಕ್ಕ ಜಾಗವಾದರೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಮಹಿಳಾ ಸಹಾಯವಾಣಿ 181, ಪೊಲೀಸ್ 112. ಎರಡೂ ಫೋನಿನಲ್ಲಿ ಇರಲಿ.

ಟ್ರಯಲ್ ಕೇಳಿದರೆ ಹಿರಿಯ ಮಹಿಳಾ ಥೆರಪಿಸ್ಟ್ ಮೇಲೆ ಮಾತ್ರ ಮಾಡಿ ತೋರಿಸಿ, ಬೇರೆ ಯಾರ ಮೇಲೂ ಬೇಡ. ಹಿಂದಿನ ರಾತ್ರಿಯೇ ಉಗುರು ಗಿಡ್ಡವಾಗಿ ಕತ್ತರಿಸಿಕೊಳ್ಳಿ. ಬಳೆ, ಉಂಗುರ, ವಾಚು ಬ್ಯಾಗ್‌ನಲ್ಲಿರಲಿ. ಅವರು ಮಲಗುವ ಮೊದಲು ಕೈ ತೊಳೆದುಕೊಂಡು, ಬಿಪಿ, ಆಪರೇಷನ್, ಅಲರ್ಜಿ ಅಂತ ಕೇಳಬೇಕಾದ್ದನ್ನೆಲ್ಲ ಕೇಳಿ. ಟ್ರಯಲ್ ತಾನೇ ಅಂತ ಬಿಡಬೇಡಿ. ಅನುಭವ ಇರುವ ಥೆರಪಿಸ್ಟ್ ಮೊದಲು ನೋಡುವುದೇ ಅದನ್ನು.